ಮೂವತ್ತನೆಯ ದಿನಕ್ಕೆ ನಾನೂರು ಜನ

ಫೆಬ್ರವರಿ 26, ಗುರುವಾರ. ಮಧ್ಯಾಹ್ನ 3.10

1,050.

ನಿನ್ನೆ 1,290. ಮೊನ್ನೆ 1,610. ಸೋಮವಾರ ಬಂದವರು ಸರಿಯಾಗಿ 4,000. ಬಾಗಿಲಲ್ಲಿ ನಿಂತು ಇಣುಕಿ ನೋಡಿ ವಾಪಸ್ ಹೋದವರೇ ಅರ್ಧಕ್ಕಿಂತ ಹೆಚ್ಚು. ಊರು ಕಟ್ಟುವ ಆಟಗಳಿಗೆಲ್ಲ ಇದು ಇದ್ದದ್ದೇ, ಗಾಬರಿಯಾಗಬೇಡ ಎಂದು ಡೆಡೆಗೆ ಹೇಳಿದೆ. ಅವಳು ಗಾಬರಿಯಾಗಿರಲಿಲ್ಲ. ಪ್ರೋಗ್ರಾಂ ಬರೆಯುವವಳು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತು. ಗಾಬರಿ ನನ್ನದು.

ಒಪ್ಪಂದವನ್ನು ಇಲ್ಲಿ ಬರೆದಿಡುತ್ತೇನೆ. ಆಮೇಲೆ ಯಾರೂ ಮಾತು ತಿರುಗಿಸಬಾರದು, ನಾನೂ ಸೇರಿ. ಫೆಬ್ರವರಿ 23ರಂದು ಬಂದ ಈ 4,000 ಜನರಲ್ಲಿ ಮೂವತ್ತನೆಯ ದಿನ, ಅಂದರೆ ಮಾರ್ಚ್ 25ಕ್ಕೆ, 400 ಜನ ಆಟ ತೆರೆದಿರಬೇಕು. ತೆರೆದರೆ ಕೊರಿಯಾದ ಸೋಲ್‌ನ ಪ್ರಕಾಶಕರು ಇನ್ನೆರಡು ವರ್ಷ ನಮ್ಮ ಆಟ ‘ಕುರೊಂ’ ನಡೆಸುತ್ತಾರೆ. 399 ಆದರೆ ಏಪ್ರಿಲ್ ಕೊನೆಗೆ ಆಟ ಬಂದ್. ಆಫೀಸಿನ ನಾವು ಏಳು ಜನ ಬೀದಿಗೆ. ದಿನದ ಲೆಕ್ಕ ಮುಗಿಯುವುದು ಅವರ ಮಧ್ಯರಾತ್ರಿಗೆ — ಇಲ್ಲಿ ಘಾನಾದ ಅಕ್ರಾದಲ್ಲಿ ಮಧ್ಯಾಹ್ನ ಮೂರಕ್ಕೆ. ಅದಕ್ಕೇ ದಿನಾ ಮೂರು ಗಂಟೆಗೆ ಈ ಅಂಕಿ ಬರೆಯುತ್ತೇನೆ.

ಮಾರ್ಚ್ 2, ಸೋಮವಾರ

720. ಏಳನೆಯ ದಿನ.

ಮ್ಯಾನೇಜರ್ ಸೆಲೊರ್ಮ್ ನಗುತ್ತಾ ಬಂದ. ಬೇರೆ ಆಟಗಳಲ್ಲಿ ಈ ಹೊತ್ತಿಗೆ ಐನೂರೂ ಇರುವುದಿಲ್ಲವಂತೆ. ಎಲ್ಲರಿಗೂ ಸೊಬೊಲೊ ಶರಬತ್ತು ತರಿಸಿದ. ನನ್ನ ಭುಜ ತಟ್ಟಿ, ‘ನಿನ್ನ ನ್ನೊಬೊವಾ ಗೆದ್ದಿತು ಕಣೇ ಅರಾಬಾ’ ಅಂದ.

ನನ್ನದೇ ನಿಜ. ಈ ಆಫೀಸಿನಲ್ಲಿ ನನ್ನ ಕೆಲಸ ಜನರನ್ನು ಕಾಯಿಸುವುದು. ಗುಡಿಸಲಿಗೆ ಎರಡು ನಿಮಿಷ, ಬಾವಿಗೆ ನಲವತ್ತು, ಮಾರುಕಟ್ಟೆಗೆ ಒಂಬತ್ತು ದಿನ. ಬೇಗ ಮುಗಿದರೆ ಬೇಸರ ಬಂದು ಹೋಗುತ್ತಾರೆ, ತಡವಾದರೆ ಸಿಟ್ಟು ಬಂದು ಹೋಗುತ್ತಾರೆ. ಬಿಡುಗಡೆಗೆ ಮೊದಲು ಆಡಿಸಿ ನೋಡಿದಾಗ, ಆ ಒಂಬತ್ತು ದಿನದ ಮಾರುಕಟ್ಟೆಯ ಹತ್ತಿರ ಎಲ್ಲರೂ ಎದ್ದು ಹೋಗುತ್ತಿದ್ದರು. ಆಗ ಹೊಳೆದದ್ದು ನ್ನೊಬೊವಾ. ಹಳ್ಳಿಯಲ್ಲಿ ಇವತ್ತು ನಿನ್ನ ಹೊಲಕ್ಕೆ ಎಲ್ಲರೂ, ನಾಳೆ ನನ್ನ ಹೊಲಕ್ಕೆ ಎಲ್ಲರೂ. ಆಟದಲ್ಲೂ ಹಾಗೇ: ಹನ್ನೆರಡು ಜನರ ಒಂದು ಓಣಿ. ಎರಡು ದಿನಕ್ಕೊಬ್ಬರ ಸರದಿ, ಚೀಟಿ ಎತ್ತಿ ತೀರ್ಮಾನ. ಸರದಿ ಬಂದವರ ಊರಿಗೆ ಉಳಿದ ಹನ್ನೊಂದು ಜನರೂ ಆಳು ಕಳಿಸುತ್ತಾರೆ. ಒಂಬತ್ತು ದಿನದ ಮಾರುಕಟ್ಟೆ ಒಂದೇ ದಿನಕ್ಕೆ ಏಳುತ್ತದೆ. ಮಾರುಕಟ್ಟೆಯ ಮುಂದೆ ಒಂದು ಹಲಗೆ, ಅದರಲ್ಲಿ ದುಡಿದ ಹನ್ನೊಂದು ಹೆಸರು. ಹಲಗೆಯೂ ನನ್ನದೇ ಐಡಿಯಾ.

ಆರನೇ ಕ್ಲಾಸಿನ ಪುಸ್ತಕದಲ್ಲಿ ಇದರ ಚಿತ್ರ ಇತ್ತು. ಸಾಲಾಗಿ ಬಗ್ಗಿ ಗುದ್ದಲಿ ಹಿಡಿದವರು. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಅಕ್ರಾ. ಗುದ್ದಲಿ ಹಿಡಿದವಳಲ್ಲ.

ಮಾರ್ಚ್ 6, ಶುಕ್ರವಾರ

590. ಸ್ವಾತಂತ್ರ್ಯ ದಿನದ ರಜೆ. ರಸ್ತೆಯಲ್ಲಿ ಶಾಲೆ ಮಕ್ಕಳ ಬ್ಯಾಂಡು. ರಜೆ ಅಂದರೆ ಜನ ಆಡುತ್ತಾರೆ ಅಂದುಕೊಂಡೆ. ಕುಸಿತ ನಿಲ್ಲಬೇಕಿತ್ತು. ನಿಂತಿಲ್ಲ.

ಸಾಮಾನ್ಯವಾಗಿ ಏಳನೇ ದಿನ ದಾಟಿದವರು ಉಳಿಯುತ್ತಾರೆ... ಏನೋ ತಪ್ಪಿದೆ.

ಮಾರ್ಚ್ 9, ಸೋಮವಾರ

470.

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಹೋದವರ ಪಟ್ಟಿಯನ್ನು ಬೆಳಗಿನಿಂದ ತಿರುವಿ ಹಾಕಿದೆ. ಹತ್ತರಲ್ಲಿ ಏಳು ಜನ ತಮ್ಮ ಸರದಿ ಮುಗಿದ ಮೂರೇ ದಿನದಲ್ಲಿ ಹೋಗಿದ್ದಾರೆ. ಮಾರುಕಟ್ಟೆ ಏಳುತ್ತದೆ. ಬಂದು ನೋಡುತ್ತಾರೆ. ಮರುದಿನ ಒಮ್ಮೆ ತೆರೆಯುತ್ತಾರೆ, ಒಂದು ನಿಮಿಷ. ಆಮೇಲೆ ಇಲ್ಲ. ಅವರು ಹೋದ ಮೇಲೆ ಓಣಿಯಲ್ಲಿ ಆಳು ಕಡಿಮೆ, ಮುಂದಿನವರ ಮಾರುಕಟ್ಟೆ ಅರ್ಧಕ್ಕೇ ನಿಲ್ಲುತ್ತದೆ, ಅವರೂ ಎದ್ದು ಹೋಗುತ್ತಾರೆ. ಜನರನ್ನು ಹಿಡಿದಿಡಲು ಕಟ್ಟಿದ್ದೇ ಜನರನ್ನು ಓಡಿಸುತ್ತಿದೆ.

ಸಿಟ್ಟು ಬಂತು. ನನ್ನ ಮೇಲಲ್ಲ, ಅವರ ಮೇಲೆ. ಬೇರೆಯವರ ಕೈಲಿ ದುಡಿಸಿಕೊಂಡು ತಾವು ದುಡಿಯುವ ಹೊತ್ತು ಬಂದಾಗ ಮಾಯ. ಕೃತಘ್ನರು.

ಮಾರ್ಚ್ 10, ಮಂಗಳವಾರ

448. ಮೀಟಿಂಗ್.

ಸೆಲೊರ್ಮ್ ದನಿ ಏರಿಸುವವನಲ್ಲ, ಅದೇ ಕಷ್ಟ. ಏರಿಸಿದರೆ ನಾನೂ ಏರಿಸಬಹುದು. ‘ಉಂಡ್ರು, ಕೈ ತೊಳ್ಕೊಂಡ್ರು, ಹೋದ್ರು,’ ಅಂದ. ‘ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅರಾಬಾ. ತೆಗೆದುಬಿಡೋಣ.’ ನ್ನೊಬೊವಾ ಪೂರ್ತಿ ತೆಗೆದು, ಪ್ರತಿ ಕಟ್ಟಡಕ್ಕೂ ಮೂರು ಮೂರು ದಿನ ಕಾಯಿಸುವುದು, ಒಂದು ಮುಗಿಯುವ ಮೊದಲೇ ಇನ್ನೊಂದು ಅರ್ಧ ತೋರಿಸುವುದು. ಎಲ್ಲರೂ ಮಾಡುವುದೇ. ಕೆಲಸ ಮಾಡುತ್ತದೆ ಕೂಡ, ಸ್ವಲ್ಪ ದಿನ.

ಎರಡು ದಿನ ಕೊಡು ಅಂದೆ. ಏನು ಮಾಡ್ತೀಯ ಎಂದು ಕೇಳಿದ. ಹೋದವರಿಗೆ ಫೋನ್ ಮಾಡಿ ಕೇಳುತ್ತೇನೆ ಅಂದೆ. ಬೈಯಬೇಕು ಅಂದುಕೊಂಡಿದ್ದೆ, ಅದನ್ನು ಹೇಳಲಿಲ್ಲ.

ಮಾರ್ಚ್ 11, ಬುಧವಾರ. ಸಂಜೆ 5

ಹತ್ತೊಂಬತ್ತು ಕರೆ. ಎಂಟು ಜನ ಎತ್ತಲಿಲ್ಲ. ಮೂವರು ಮೊಬೈಲ್ ಕಂಪನಿಯವಳು ಎಂದುಕೊಂಡು ನೆಟ್‌ವರ್ಕ್ ಬಗ್ಗೆ ನನ್ನನ್ನೇ ಬೈದರು. ಆರು ಜನ ಟೈಮ್ ಇಲ್ಲ ಎಂದರು, ಅದೂ ತಡವರಿಸಿಕೊಂಡು. ಒಬ್ಬ ಸೆಕೊಂಡಿಯ ಎಲೆಕ್ಟ್ರಿಷಿಯನ್ ಆಟದ ಹೆಸರು ಹೇಳಿದ ಕೂಡಲೇ ಕ್ಷಮಿಸಿ ಕ್ಷಮಿಸಿ ಅಂದು ಫೋನ್ ಇಟ್ಟ. ಕ್ಷಮೆ ಯಾಕೆ?

ಹತ್ತೊಂಬತ್ತನೆಯದು ವೆಂಚಿ ಊರಿನ ಹೆಂಗಸು, ಯಾ ಪೊಕುವಾ. ನಿವೃತ್ತ ಸೂಲಗಿತ್ತಿ ನರ್ಸು, ಅರವತ್ತಾರು ವರ್ಷ. ಮೊದಲು ನನ್ನ ಊಟ ಆಯಿತಾ ಎಂದು ವಿಚಾರಿಸಿದಳು. ಆಮೇಲೆ ನಾನು ನೇರ ಕೇಳಿದೆ: ನಿಮ್ಮ ಮಾರುಕಟ್ಟೆ ಎದ್ದ ಮೇಲೆ ಯಾಕೆ ಬರಲಿಲ್ಲ?

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

‘ಹನ್ನೊಂದು ಜನ ಬಂದು ದುಡಿದು ಹೋದ್ರು ಮಗಾ. ಒಬ್ರಿಗೂ ಒಂದು ತುತ್ತು ಹಾಕ್ಲಿಲ್ಲ ನಾನು. ಹಾಕೋಕೆ ಎಲ್ಲಿದೆ ನಿಮ್ಮ ಆಟದಲ್ಲಿ? ತೆರೆದ್ರೆ ಸಾಕು, ಹಲಗೆ ಮೇಲೆ ಅವ್ರ ಹೆಸ್ರು ಸಾಲಾಗಿ ನಿಂತ್ಕೊಂಡು ನನ್ನೇ ನೋಡ್ತವೆ. ಯಾವ ಮುಖ ಇಟ್ಕೊಂಡು ಬರ್ಲಿ?’

ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ನ್ನೊಬೊವಾ ದಿನ ಅಡಿಗೆ ಯಾರು ಮಾಡುತ್ತಿದ್ದರು ಎಂದು. ಯಾರ ಹೊಲವೋ ಅವರೇ, ಮತ್ತಿನ್ಯಾರು ಎಂದು ನಕ್ಕಳು. ಬೆಳಗಿನ ಜಾವಕ್ಕೇ ಒಲೆ ಹಚ್ಚುತ್ತಿದ್ದರಂತೆ. ಸೂಪಿನಲ್ಲಿ ಮೀನು ಕಡಿಮೆಯಾದರೆ ವರ್ಷವಿಡೀ ಆಡಿಕೊಳ್ಳುತ್ತಿದ್ದರಂತೆ. ಪುಸ್ತಕದ ಚಿತ್ರದಲ್ಲಿ ಗುದ್ದಲಿ ಇತ್ತು, ಮಡಕೆ ಇರಲಿಲ್ಲ. ಪೇಟೆಯ ಹುಡುಗಿ, ಚಿತ್ರ ನೋಡಿ ಹಳ್ಳಿ ಕಟ್ಟಿದೆ. ಉಣ್ಣಲು ಹಾಕದೆ ಜನರಿಂದ ದುಡಿಸಿದೆ, ಮೇಲೆ ಹಲಗೆ ನೆಟ್ಟು ಮಾನ ಕಳೆದೆ. ಕೃತಘ್ನರು ಎಂದು ಬೈದದ್ದು ಬೇರೆ. ನನ್ನ ದಡ್ಡತನಕ್ಕೆ ಎರಡು ಬಾರಿಸಿಕೊಳ್ಳಬೇಕು ಅನಿಸಿತು.

ಮಾರ್ಚ್ 12, ಗುರುವಾರ

409.

ಸೆಲೊರ್ಮ್‌ಗೆ ಹೇಳಿದೆ. ಸರದಿ ಮುಗಿದವರ ಅಂಗಳದಲ್ಲಿ ಒಲೆ ಇಡೋಣ. ದಿನಕ್ಕೆ ಮೂರು ಮಡಕೆ ಅಡಿಗೆ, ಒಬ್ಬರಿಗೊಂದರಂತೆ ನಾಲ್ಕು ದಿನದಲ್ಲಿ ದುಡಿದ ಹನ್ನೊಂದು ಜನರಿಗೂ ಮುಟ್ಟಬೇಕು. ಉಂಡವರ ಆಳುಗಳು ಆ ದಿನ ಸ್ವಲ್ಪ ಬಿರುಸಾಗಿ ಕೆಲಸ ಮಾಡುತ್ತಾರೆ. ಹಲಗೆ ತೆಗೆಯೋಣ. ಅವನು ಪೆನ್ನು ತಿರುಗಿಸುತ್ತಾ ಕೂತ. ಒಬ್ಬ ಮುದುಕಿಯ ಮಾತಿಗೆ ಇಡೀ ಆಟ ತಿರುಗಿಸಬೇಕಾ ಎಂದು ಕೇಳಿದ. ಹೌದು ಅಂದೆ.

ಡೆಡೆ ಹೆಡ್‌ಫೋನ್ ತೆಗೆದಳು. ಕಳೆದ ವರ್ಷ ತನ್ನ ಮನೆ ಸಾಗಿಸಿದ ಗೆಳೆಯರಿಗೆ ಊಟ ಹಾಕಲಾಗದೆ ಎರಡು ತಿಂಗಳು ಅವರ ಕಣ್ಣು ತಪ್ಪಿಸಿ ಓಡಾಡಿದ್ದಳಂತೆ. ನಾಲ್ಕು ದಿನದಲ್ಲಿ ಒಲೆ ಮಾಡಿಕೊಡುತ್ತೇನೆ ಅಂದಳು. ಸೆಲೊರ್ಮ್ ಒಪ್ಪಿದ. 20ನೇ ತಾರೀಕಿಗೆ ಕುಸಿತ ನಿಲ್ಲದಿದ್ದರೆ ನ್ನೊಬೊವಾ, ಒಲೆ, ಎಲ್ಲ ಕಿತ್ತು ಹಾಕಬೇಕು, ಆಮೇಲೆ ನಾನು ಬಾಯಿ ತೆರೆಯಬಾರದು. ಆಯಿತು ಅಂದೆ.

ಮಾರ್ಚ್ 16, ಸೋಮವಾರ. ಮಧ್ಯಾಹ್ನ 3

352. ಒಲೆ ಹೊತ್ತಿತು.

ಬಿಟ್ಟು ಹೋದವರಿಗೆಲ್ಲ ಒಂದೇ ಒಂದು ಸಂದೇಶ ಕಳಿಸಿದೆವು. ಹದಿನಾಲ್ಕು ಸಲ ಬರೆದು ಹರಿದೆ. ಕೊನೆಗೆ ಹೋದದ್ದು: ‘ನಿಮ್ಮ ಅಂಗಳಕ್ಕೆ ಒಲೆ ಬಂದಿದೆ. ದುಡಿದವರು ಇನ್ನೂ ಉಂಡಿಲ್ಲ.’

ಮಾರ್ಚ್ 18, ಬುಧವಾರ

349. ಮೂರೇ ಕಡಿಮೆ. ಮೂರೇ!

ಒಂದು ಎಡವಟ್ಟು. ಫುಫು ಮುದ್ದೆ ಕಳಿಸಿದರೆ ಸೂಪು ಹೋಗುತ್ತಿರಲಿಲ್ಲ. ಓಣಿಯ ಮಾತಿನ ಪುಟದಲ್ಲಿ ಗಲಾಟೆ. ಒಬ್ಬ ಬರೆದಿದ್ದ: ‘ಸೂಪಿಲ್ದೆ ಫುಫು ಕಳ್ಸಿದೀಯಲ್ಲಪ್ಪ, ನಾನೇನು ನಿನ್ನ ಮಾಜಿ ಹೆಂಡ್ತಿ ಅಣ್ಣನಾ?’ ಕಳಿಸಿದವನು ಆಟದವರ ತಪ್ಪು ಎಂದು ಗೋಳಾಡಿದ್ದ. ಡೆಡೆ ಊಟ ಬಿಟ್ಟು ಸರಿಮಾಡಿದಳು. ತಿಂಗಳಿಂದ ಮೊದಲ ಸಲ ಈ ಆಫೀಸಿನಲ್ಲಿ ಜೋರಾಗಿ ನಕ್ಕೆವು.

ಮಾರ್ಚ್ 20, ಶುಕ್ರವಾರ

361. ಏರಿತು. ಬಿಟ್ಟು ಹೋದವರು ವಾಪಸ್ ಬಂದು ಅಡಿಗೆ ಮಾಡುತ್ತಿದ್ದಾರೆ. ಸೆಕೊಂಡಿಯ ಎಲೆಕ್ಟ್ರಿಷಿಯನ್ ಬಂದಿದ್ದಾನೆ. ಯಾ ಪೊಕುವಾ ಬಂದಿದ್ದಾಳೆ — ದಿನಕ್ಕೆ ಮೂರೇ ಮಡಕೆ ಸಾಲುವುದಿಲ್ಲ ಎಂದು ತಕರಾರು ಬರೆದಿದ್ದಾಳೆ.

ಸೆಲೊರ್ಮ್ ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಬಾಳೆಹಣ್ಣು ಕರಿದ ಬಿಸಿ ಕೆಲೆವೆಲೆ ಇಟ್ಟು ಹೋದ.

ಮಾರ್ಚ್ 23, ಸೋಮವಾರ

377. ಎರಡು ದಿನ ಇದೆ. ಇಪ್ಪತ್ತಮೂರು ಜನ ಬೇಕು.

ಏರುತ್ತಿರುವುದು ದಿನಕ್ಕೆ ಐದು, ಆರು. ಲೆಕ್ಕ ಯಾರಿಗೆ ಬೇಕಾದರೂ ಬರುತ್ತದೆ. ಇನ್ನೊಂದು ವಾರ ಇದ್ದಿದ್ದರೆ ದಾಟುತ್ತಿದ್ದೆವು. ಪುಸ್ತಕದ ಚಿತ್ರ ನಂಬಿ ಕಳೆದ ಎರಡು ವಾರ ಯಾರು ವಾಪಸ್ ಕೊಡುತ್ತಾರೆ?

ಸಂಜೆ ಸೆಲೊರ್ಮ್ ನನ್ನನ್ನೊಬ್ಬಳನ್ನೇ ಕರೆದು ಫೋನ್ ತೋರಿಸಿದ. ಸಂದೇಶ ಬರೆದಿಟ್ಟಿದ್ದಾನೆ: ‘ನಿಮ್ಮ ಓಣಿಗೆ ಬೆಂಕಿ ಬಿದ್ದಿದೆ. ಬೇಗ ಬನ್ನಿ.’ ಆಟದಲ್ಲಿ ಬೆಂಕಿಯೇ ಇಲ್ಲ. ಹಾಗಂತ ಹೇಳಿದೆ. ಬಂದು ನೋಡಿದವರಿಗೆ ಆರಿಹೋಯಿತು ಅಂದರಾಯಿತು, ತೆರೆದರೆ ಸಾಕು, ಲೆಕ್ಕಕ್ಕೆ ಬಂದರು ಎಂದ.

ಸುಳ್ಳು ಅಂದೆ.

‘ನೀನು ಕಳ್ಸಿದ್ದೇನು? ದುಡಿದವ್ರು ಉಂಡಿಲ್ಲ ಅಂತ ಚುಚ್ಚಿ ಕರೆಸ್ಲಿಲ್ವಾ? ನೀನು ಮೆಲ್ಲಗೆ ಕರೆದೆ, ನಾನು ಜೋರಾಗಿ ಕೂಗ್ತೀನಿ. ಅಷ್ಟೇ ವ್ಯತ್ಯಾಸ.’

ಒಲೆ ನಿಜವಾಗಿ ಇತ್ತು, ಬೆಂಕಿ ಇಲ್ಲ ಅಂದೆ. ಕಳಿಸಿದರೆ ನಾನು ಆಫೀಸಿನಿಂದ ಎದ್ದು ಹೋಗುತ್ತೇನೆ ಅಂದೆ. ಅವನು ಫೋನ್ ಜೇಬಿಗೆ ಹಾಕಿಕೊಂಡ. ಸರಿ ಅನ್ನಲಿಲ್ಲ. ಟ್ರೋಟ್ರೋ ವ್ಯಾನಿನಲ್ಲಿ ಮನೆಗೆ ಬರುವಾಗ ಪೂರ್ತಿ ಅವನ ಮಾತೇ ತಲೆಯಲ್ಲಿ. ಅರ್ಧ ಸರಿ ಹೇಳಿದ, ಅದಕ್ಕೇ ಉರಿಯುತ್ತಿದೆ.

ಮಾರ್ಚ್ 24, ಮಂಗಳವಾರ. ಮಧ್ಯಾಹ್ನ 3.05

381. ಮೂವತ್ತನೆಯ ದಿನ ಈಗ ಶುರು. ಲೆಕ್ಕ ಮತ್ತೆ ಸೊನ್ನೆಯಿಂದ. ನಾಳೆ ಮೂರಕ್ಕೆ ಮುಗಿಯುತ್ತದೆ.

ಮಾರ್ಚ್ 25, ಬುಧವಾರ. ಬೆಳಿಗ್ಗೆ 9.20

298. ಬೆಳಗಿನ ಹೊತ್ತಿಗೆ ಇಷ್ಟಾದರೆ ಪರವಾಗಿಲ್ಲ. ಕೆಲಸಕ್ಕೆ ಹೋಗುವವರು ಮಧ್ಯಾಹ್ನದ ಊಟಕ್ಕೆ ತೆರೆಯುತ್ತಾರೆ. ಇವತ್ತು ಏಳು ಜನರೂ ಹೊತ್ತಿಗೆ ಮೊದಲೇ ಬಂದು ಕೂತಿದ್ದೇವೆ.

12.45

361. ಮೆಕ್ಕೆಜೋಳದ ಕೆಂಕೆ ಮುದ್ದೆ ತರಿಸಿದರು. ನನ್ನದು ಬಿಚ್ಚದೆ ಹಾಗೇ ಇದೆ.

2.20

386. ಐದು ನಿಮಿಷದಿಂದ ಅಲ್ಲೇ ನಿಂತಿದೆ. ದಿನವೂ ಕೊನೆಯ ಅರ್ಧ ಗಂಟೆಯಲ್ಲಿ ಬರುವವರು ನಾಲ್ಕೈದು ಜನ, ಅಷ್ಟೇ. ಒಂದು ತಿಂಗಳಿಂದ ನೋಡಿದ್ದೇನೆ. ನನಗೆ ಗೊತ್ತು, ಡೆಡೆಗೂ ಗೊತ್ತು. ಅವಳು ನನ್ನ ಕಡೆ ನೋಡುತ್ತಿಲ್ಲ. ಸೆಲೊರ್ಮ್ ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದಾನೆ.

ದೇವರೇ, ಹದಿನಾಲ್ಕು ಜನ. ಹೆಚ್ಚಲ್ಲ.

2.40

401.

ಹೇಗೆ?

2.52

412. ಫೋನ್ ಬಂತು, ಯಾ ಪೊಕುವಾ.

‘ಮಗಾ, ಬೆಂಕಿ ಎಲ್ಲಿ? ಹನ್ನೆರಡು ಜನಾನೂ ಒಬ್ರ ಊರು ಬಿಟ್ಟು ಒಬ್ರ ಊರು ಹುಡುಕ್ತಾ ಇದೀವಿ. ಎಲ್ಲೂ ಕಾಣ್ತಿಲ್ಲ. ಎಲ್ಲಿಗೆ ಆಳು ಕಳಿಸ್ಬೇಕು, ಬೇಗ ಹೇಳು.’

ಇಲ್ಲಮ್ಮ, ಎಲ್ಲೂ ಇಲ್ಲ ಅಂದೆ. ಯಾರಿಗೂ ಏನೂ ಆಗಿಲ್ಲ ತಾನೆ ಎಂದು ಎರಡು ಸಲ ಕೇಳಿ ಫೋನ್ ಇಟ್ಟಳು.

3.00

419.

ಎಲ್ಲರೂ ಎದ್ದು ಕುಣಿದರು. ಡೆಡೆ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳಿಗೆ ಗೊತ್ತಿಲ್ಲ. ನಾನೂ ತಬ್ಬಿಕೊಂಡೆ.

4.15

ಹೊರಗೆ ಮಾಲ್ಟ್ ಬಾಟಲಿಗಳ ಸದ್ದು. ಬಾಗಿಲು ಹಾಕಿಕೊಂಡು ಆಟದ ದಾಖಲೆ ನೋಡಿದೆ. ಬೆಂಕಿಯ ಸಂದೇಶ ಹೋದದ್ದು 2.31ಕ್ಕೆ. ಆಗ 388 ಇತ್ತು. ಅಲ್ಲಿಂದ ಬಂದ 31 ಜನರೂ ಆ ಸಂದೇಶವನ್ನು ಒತ್ತಿಯೇ ಒಳಗೆ ಬಂದಿದ್ದಾರೆ. ಅವರು ಮಾಡಿದ್ದೇನು ಎಂದು ಒಬ್ಬೊಬ್ಬರದೇ ತೆರೆದು ನೋಡಿದೆ. ತಮ್ಮ ಊರಿಗೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೂ ಯಾರೂ ಮುಚ್ಚಿ ಹೋಗಿಲ್ಲ. ಪಕ್ಕದವರ ಊರಿಗೆ ಹೋಗಿದ್ದಾರೆ. ಇದ್ದ ಆಳುಗಳನ್ನೆಲ್ಲ ಕಳಿಸಿದ್ದಾರೆ. ‘ನಿಮ್ದಾ? ನಮ್ದಲ್ಲ. ಯಾರ್ದು ಹಾಗಾದ್ರೆ?’ — ಪುಟದ ತುಂಬ ಇದೇ. ಒಬ್ಬ ಹದಿನಾರು ದಿನದಿಂದ ಬಂದಿರಲಿಲ್ಲ. ಬಂದು ಅವನು ಬರೆದ ಮೊದಲ ಮಾತು: ‘ತಡ ಆಯ್ತಾ?’

ಅಳು ಬಂತು. ಇದನ್ನೇ ಅಲ್ಲವೇ ನಾನು ಕಟ್ಟಲು ಹೊರಟದ್ದು. ಕಟ್ಟಿದ್ದೇನೆ. ಅದೇ ಹೊತ್ತಿಗೆ ಅವರಿಗೆ ಮೋಸ ಮಾಡಿದೆವು.

5.10

ಸೋಲ್‌ನಿಂದ ಫಾರಂ ತಾನಾಗಿಯೇ ಬಂತು. ಒಟ್ಟು, ತಾಸುವಾರು ಏರಿಳಿತ, ಕೊನೆಗೆ ಒಂದು ಖಾಲಿ ಜಾಗ: ಕೊನೆಯ ಅರ್ಧ ಗಂಟೆಯ ಏರಿಕೆಗೆ ಕಾರಣ. ಆಟದ ವೇಗ ನೋಡಿಕೊಳ್ಳುವವರು ಬರೆದು ಸಹಿ ಮಾಡಬೇಕು. ಅಂದರೆ ನಾನು.

ಸೆಲೊರ್ಮ್ ಬಂದು ಕುರ್ಚಿ ಎಳೆದುಕೊಂಡು ಕೂತ. ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ. ತನಗೂ ಚೆನ್ನಾಗಿ ಅನಿಸುತ್ತಿಲ್ಲ, ಹೊರಗಿರುವವರ ಮುಖ ನೋಡಲಾಗದೆ ಒತ್ತಿದೆ ಎಂದ. ನಂಬುತ್ತೇನೆ. ಅವನೇನೂ ಕೆಟ್ಟ ಮನುಷ್ಯನಲ್ಲ.

‘ಒಲೆಯಿಂದ ಬಂದ್ರು ಅಂತ ಬರಿ,’ ಅಂದ. ‘ಪೂರ್ತಿ ಸುಳ್ಳೇನಲ್ಲ. ನಿನ್ನ ಒಲೆ ಇಲ್ದಿದ್ರೆ ಬೆಂಕಿ ಅಂದ್ರೂ ಯಾರು ಬರ್ತಿದ್ರು? ನಿನ್ನ ಹೆಸರಲ್ಲೇ ಎರಡು ವರ್ಷ ನಡೆಯುತ್ತೆ ಆಟ. ಆಡೋರೂ ಇರ್ತಾರೆ, ನಾವೂ ಇರ್ತೀವಿ.’

ಅವನು ಹೋಗಿ ಹತ್ತು ನಿಮಿಷವಾಯಿತು. ಆರಕ್ಕೆ ಫಾರಂ ಬೇಕಂತೆ. ಒಲೆ ಎಂದು ಬರೆದರೆ ಗೆಲುವು ನನ್ನದು. ಆ ಮಾತು ಎಷ್ಟು ಸಿಹಿಯಾಗಿದೆ ಎಂದು ನನಗೊಬ್ಬಳಿಗೇ ಗೊತ್ತು. ಇನ್ನೊಂದನ್ನು ಬರೆದರೆ ಹೊರಗೆ ಕುಣಿಯುತ್ತಿರುವವರಿಗೆ ನಾನೇ ಹೋಗಿ ಹೇಳಬೇಕು. ಡೆಡೆಗೆ ಹೇಳಬೇಕು. ಅಡಿಗೆ ಇಟ್ಟುಕೊಂಡು ಕೂತವರ ಒಲೆಯನ್ನು ಏಪ್ರಿಲ್‌ನಲ್ಲಿ ನಾನೇ ಆರಿಸಬೇಕು.

388ಕ್ಕೆ ಮಾಮೂಲಿನಂತೆ ಬರುವ ನಾಲ್ಕೈದು ಜನರನ್ನು ಸೇರಿಸಿದರೂ 400 ಆಗುವುದಿಲ್ಲ. ಮೂರು ಸಲ ಸೇರಿಸಿ ನೋಡಿದೆ.

5.40

ಫಾರಂನಲ್ಲಿ ಬರೆಯುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಮಾತು ತಿರುಗಬಾರದು.

‘ಮಾನ್ಯರೇ, ಮೂವತ್ತನೆಯ ದಿನ ಆಟ ತೆರೆದವರು 419. 2.31ಕ್ಕೆ ನಾವು ಎಲ್ಲರಿಗೂ ಒಂದು ಸುಳ್ಳು ಕಳಿಸಿದೆವು. ಅದನ್ನು ನಂಬಿ, ಪಕ್ಕದವರನ್ನು ಉಳಿಸಲು ಓಡಿ ಬಂದವರು 31. ನಮ್ಮ ಆಟದಲ್ಲಿ ಇಷ್ಟು ಒಳ್ಳೆಯವರು ಬೇರೆ ಯಾರೂ ಇಲ್ಲ. ಅವರನ್ನು ಕಳೆದರೆ ಉಳಿಯುವುದು 388.’